ಮೊದಲ ಕ್ಯಾಡ್ ಯಾವುದು? ಗೆರೆ ಎಳೆಯೋಕೆ ಕೋಣೆ ತುಂಬ ಕಂಪ್ಯೂಟರ್ ಯಾಕೆ ಬೇಕಿತ್ತು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಕ್ಯಾಡ್ ಶುರುವಾಗಿದ್ದು 1982ರಲ್ಲಿ ಆಟೋಕ್ಯಾಡ್ ಬಂದಾಗ ಅಂತ ನಮ್ಮ ಸರ್ ಹೇಳಿದರು. ಒಂದು ಕಡೆ 1963ರ ಸ್ಕೆಚ್‌ಪ್ಯಾಡ್ ಮೊದಲನೆಯದು ಅಂತ ಓದಿದೆ. ಇನ್ನೊಂದು ಕಡೆ ಹ್ಯಾನ್‌ರಾಟಿ ಎನ್ನುವವರು ಕ್ಯಾಡ್‌ನ ಪಿತಾಮಹ ಅಂತ ಇತ್ತು. ಯಾವುದು ಸರಿ? ಇನ್ನೊಂದು ಅನುಮಾನ. ಆಗ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬ ಯಂತ್ರ. ಬೋರ್ಡು, ಪೆನ್ಸಿಲ್ ಇರುವಾಗ ಬರೀ ಗೆರೆ ಎಳೆಯೋಕೆ ಅಷ್ಟು ದುಡ್ಡು ಸುರಿದವರು ಯಾರು?

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಿಡಿಸಿಕೊಂಡರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ. ಬರೀ ಗೆರೆ ಎಳೆಯೋಕೆ ಯಾರೂ ದುಡ್ಡು ಸುರಿಯಲಿಲ್ಲ. ನಾವು ಕಾಲೇಜಿನಲ್ಲಿ ಕ್ಯಾಡ್ ಅಂದರೆ ಕಂಪ್ಯೂಟರಿನೊಳಗಿನ ಡ್ರಾಯಿಂಗ್ ಬೋರ್ಡ್ ಅಂತ ಕಲಿಯುತ್ತೇವೆ. ಅದನ್ನು ಮೊದಲು ಕಟ್ಟಿದವರ ತಲೆಯಲ್ಲಿ ಬೋರ್ಡ್ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಎರಡು. ಒಂದು, ಲೋಹವನ್ನು ಸರಿಯಾಗಿ ಕಡಿಯುವುದು. ಇನ್ನೊಂದು, ತಾನು ಏನು ಅಂತ ತನಗೇ ಗೊತ್ತಿರುವ ಚಿತ್ರ. ಈ ಎರಡನೇ ಮಾತು ಈಗ ಒಗಟಿನ ಹಾಗೆ ಕೇಳಿಸಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಕಥೆ ಶುರುವಾಗುವುದು ಡ್ರಾಯಿಂಗ್ ಆಫೀಸಿನಲ್ಲಲ್ಲ, ಮಷೀನ್ ಶಾಪಿನಲ್ಲಿ. ಊರು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿ, ಕಾಲ 1940ರ ದಶಕ. ಅಲ್ಲಿ ಜಾನ್ ಪಾರ್ಸನ್ಸ್ ಎಂಬುವರ ಕಂಪನಿ ಹೆಲಿಕಾಪ್ಟರ್‌ನ ರೋಟರ್ ಬ್ಲೇಡ್ ಮಾಡುತ್ತಿತ್ತು. ಬ್ಲೇಡನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಮೀನಿನ ಬೆನ್ನಿನಂಥ ಬಾಗು. ಆ ಬಾಗಿಗೆ ಟೆಂಪ್ಲೇಟ್ ಮಾಡಬೇಕು. ಕೆಲವೇ ಬಿಂದುಗಳನ್ನು ಗುರುತು ಹಾಕಿ, ಮಧ್ಯದ್ದನ್ನು ಬಾಗುಪಟ್ಟಿ ಇಟ್ಟು ಸೇರಿಸಿ, ಆಮೇಲೆ ಅರ ಹಿಡಿದು ತಿಕ್ಕುವುದು ಆಗಿನ ಪದ್ಧತಿ. ಪಾರ್ಸನ್ಸ್ ಮತ್ತು ಅವರ ಎಂಜಿನಿಯರ್ ಫ್ರಾಂಕ್ ಸ್ಟುಲೆನ್ ಐಬಿಎಂನ ಪಂಚ್ ಕಾರ್ಡ್ ಯಂತ್ರದಲ್ಲಿ (ತೂತು ಹೊಡೆದ ರಟ್ಟಿನ ಚೀಟಿ ಓದಿ ಲೆಕ್ಕ ಮಾಡುವ ಯಂತ್ರ) ಬಿಂದುಗಳ ಲೆಕ್ಕ ಮಾಡಿಸಿದರು. ಕೆಲವಲ್ಲ, ರಾಶಿ ಬಿಂದುಗಳು. ಆಮೇಲೆ ಮಿಲ್ಲಿಂಗ್ ಮಷೀನಿನ ಒಂದೊಂದು ಹ್ಯಾಂಡಲ್‌ಗೆ ಒಬ್ಬೊಬ್ಬರನ್ನು ನಿಲ್ಲಿಸಿ, ಇನ್ನೊಬ್ಬರು ಪಟ್ಟಿ ನೋಡಿ ಅಂಕಿ ಕೂಗುತ್ತಾ ಹೋಗುವುದು. ಅಂಕಿ ಕೂಗಿದಷ್ಟಕ್ಕೆ ತಿರುಗಿಸು, ಕಡಿ, ಮುಂದಕ್ಕೆ ಹೋಗು. ನಗು ಬರುತ್ತದೆ ಅಲ್ವಾ? ಆದರೆ ಇವತ್ತಿನ ಸಿಎನ್‌ಸಿ ಮಷೀನ್ ಮಾಡುವುದೂ ಅದನ್ನೇ. ಕೂಗುವವರೂ ತಿರುಗಿಸುವವರೂ ಇಲ್ಲ ಅಷ್ಟೆ.

ಅಮೆರಿಕದ ವಾಯುಪಡೆಗೆ ಇದು ರುಚಿಸಿತು. ಹೊಸ ವಿಮಾನಗಳ ರೆಕ್ಕೆಯ ಭಾಗಗಳನ್ನು ಇಡೀ ಲೋಹದ ಗಟ್ಟಿಯಿಂದಲೇ ಕಡಿದು ತೆಗೆಯಬೇಕಿತ್ತು. ಕೈಯಳತೆಗೆ ಅದು ನಿಲುಕುತ್ತಿರಲಿಲ್ಲ. 1949ರಲ್ಲಿ ವಾಯುಪಡೆ ದುಡ್ಡು ಕೊಟ್ಟಿತು. ಪಾರ್ಸನ್ಸ್ ಅವರು ಎಂಐಟಿ ಎಂಬ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯದ ಸರ್ವೊಮೆಕ್ಯಾನಿಸಂಸ್ ಲ್ಯಾಬಿನ ನೆರವು ಪಡೆದರು. 1952ರಲ್ಲಿ ಆ ಲ್ಯಾಬಿನವರು ಕಾಗದದ ಪಂಚ್ ಟೇಪ್ ಓದಿ ತಾನೇ ಕಡಿಯುವ ಮಿಲ್ಲಿಂಗ್ ಮಷೀನನ್ನು ಜನರ ಮುಂದೆ ಓಡಿಸಿ ತೋರಿಸಿದರು. ಅಷ್ಟರೊಳಗೆ ಪಾರ್ಸನ್ಸ್ ಅವರೇ ಆ ಯೋಜನೆಯಿಂದ ಹೊರಗಾಗಿದ್ದರು ಎನ್ನುವುದು ಬೇರೆ ಮಾತು. ಹೊಳಹು ಒಬ್ಬರದು, ಹೆಸರು ಇನ್ನೊಬ್ಬರದು ಆಗುವುದನ್ನು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ನೋಡುತ್ತೀರಿ.

ಮಷೀನ್ ಏನೋ ಬಂತು. ಈಗ ಹೊಸ ತಲೆನೋವು. ಕಡಿಯುವುದಕ್ಕಿಂತ ಟೇಪ್ ತಯಾರು ಮಾಡುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಕಟ್ಟರ್‌ಗೆ ದಪ್ಪ ಇರುತ್ತದೆ. ಅದರ ನಡುಬಿಂದು ಎಲ್ಲೆಲ್ಲಿ ಹೋಗಬೇಕು ಅಂತ ಪ್ರತಿ ಹೆಜ್ಜೆಗೂ ಲೆಕ್ಕ ಹಾಕಬೇಕು. ಇದನ್ನು ಕಂಪ್ಯೂಟರಿಗೇ ಬಿಡೋಣ ಅಂತ ಎಂಐಟಿಯ ಡಗ್ಲಸ್ ರಾಸ್ ಮತ್ತು ಅವರ ತಂಡ ಎಪಿಟಿ ಎಂಬ ಭಾಷೆ ಕಟ್ಟಿತು. ಆಟೋ ಹತ್ತಿ ಡ್ರೈವರ್‌ಗೆ ದಾರಿ ಹೇಳುತ್ತೇವಲ್ಲ, ಹಾಗಿತ್ತು ಅದು. ಈ ಗೆರೆಯ ಬಲಕ್ಕೆ ಹಿಡಿದುಕೊಂಡು ಮುಂದೆ ಹೋಗು, ಆ ವೃತ್ತ ಸಿಕ್ಕ ಕೂಡಲೇ ಎಡಕ್ಕೆ ತಿರುಗು. ಕಟ್ಟರ್ ದಪ್ಪದ ಲೆಕ್ಕ ಕಂಪ್ಯೂಟರಿನದು. 1959ರ ಫೆಬ್ರುವರಿಯಲ್ಲಿ ಪತ್ರಕರ್ತರನ್ನು ಕರೆಸಿ ಇದನ್ನು ತೋರಿಸಿದರು. ಬಂದವರಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟದ್ದು ಎಪಿಟಿ ಹೇಳಿದ ಹಾಗೆ ಕಡಿದ ಅಲ್ಯೂಮಿನಿಯಂ ಆ್ಯಶ್‌ಟ್ರೇ.

ಅದೇ ವರ್ಷ ಎಂಐಟಿಯಲ್ಲಿ ಒಂದು ಹೊಸ ಯೋಜನೆ ಶುರುವಾಯಿತು. ಹೆಸರು: ಕಂಪ್ಯೂಟರ್ ಏಡೆಡ್ ಡಿಸೈನ್ (ಅದೇ ಕ್ಯಾಡ್) ಪ್ರಾಜೆಕ್ಟ್. ರಾಸ್ ಜೊತೆಗೆ ಮೆಕ್ಯಾನಿಕಲ್ ವಿಭಾಗದ ಸ್ಟೀವನ್ ಕೂನ್ಸ್, ರಾಬರ್ಟ್ ಮನ್ ಇದ್ದರು. ಇದಕ್ಕೂ ವಾಯುಪಡೆಯದೇ ಹಣ. ಹೆಸರು ಸ್ವಲ್ಪ ಗಮನಿಸಿ. ಡ್ರಾಫ್ಟಿಂಗ್ (ನಕ್ಷೆ ಎಳೆಯುವುದು) ಅಂತ ಇಲ್ಲ, ಡಿಸೈನ್ ಅಂತ ಇದೆ. ಕಡಿಯುವ ದಾರಿಯನ್ನು ಕಂಪ್ಯೂಟರಿಗೆ ಹೇಳಬಹುದಾದರೆ, ಏನು ಕಡಿಯಬೇಕು ಅಂತ ಯೋಚಿಸುವಾಗಲೂ ಅದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಾರದೇಕೆ ಎನ್ನುವುದು ಅವರ ಪ್ರಶ್ನೆ. ಅಂದರೆ ಕ್ಯಾಮ್ (ಕಂಪ್ಯೂಟರಿನ ನೆರವಿನಿಂದ ತಯಾರಿಕೆ) ಮೊದಲು, ಕ್ಯಾಡ್ ಆಮೇಲೆ. ನಿಮ್ಮ ಸಿಲಬಸ್‌ನಲ್ಲಿ ಉಲ್ಟಾ ಇರುತ್ತದೆ.

ಈಗ ಸ್ಕೆಚ್‌ಪ್ಯಾಡ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಇದರ ಹೆಸರು ಎಲ್ಲರಿಗೂ ಗೊತ್ತು, ಇದು ಏನು ಮಾಡಿತು ಅಂತ ನೋಡಿದವರು ಕಮ್ಮಿ.

ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ ಎಂಐಟಿಗೆ ಸೇರಿದ ಲಿಂಕನ್ ಲ್ಯಾಬ್ ಇದೆ. ಅಲ್ಲಿ ಟಿಎಕ್ಸ್-2 ಎಂಬ ಕಂಪ್ಯೂಟರ್ ಇತ್ತು. ದೊಡ್ಡ ಕೋಣೆ ತುಂಬ ಹರಡಿಕೊಂಡ ಯಂತ್ರ. ಅದರ ಮುಖ್ಯ ಮೆಮೊರಿ 36 ಬಿಟ್‌ನ 65,536 ಪದಗಳು. ಇವತ್ತಿನ ಲೆಕ್ಕದಲ್ಲಿ 300 ಕಿಲೋಬೈಟಿಗೂ ಕಮ್ಮಿ. ನೀವು ಬೆಳಿಗ್ಗೆ ಕಳಿಸುವ ಗುಡ್ ಮಾರ್ನಿಂಗ್ ಫೋಟೊ ಅದರಲ್ಲಿ ಹಿಡಿಸುವುದು ಕಷ್ಟ. ಇವಾನ್ ಸದರ್‌ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಪಿಎಚ್‌ಡಿಗೆ ಇದರ ಮೇಲೆ ಕೂತು ಸ್ಕೆಚ್‌ಪ್ಯಾಡ್ ಬರೆದರು. ಅವರ ಗೈಡ್ ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್. ಪ್ರಬಂಧ ಒಪ್ಪಿಸಿದ್ದು 1963ರ ಜನವರಿಯಲ್ಲಿ. ಆಗ ಅವರಿಗೆ 24 ವರ್ಷ.

ಕೈಯಲ್ಲಿ ಹಿಡಿಯುವುದು ಲೈಟ್ ಪೆನ್. ಹೆಸರು ಕೇಳಿದರೆ ಬೆಳಕು ಬಿಡುವ ಪೆನ್ನು ಅನಿಸುತ್ತದೆ. ಅಲ್ಲ, ಅದು ಬೆಳಕನ್ನು ನೋಡುವ ಪೆನ್ನು. ಕಂಪ್ಯೂಟರ್ ಪರದೆಯ ಮೇಲೆ ಒಂದಾದ ಮೇಲೆ ಒಂದು ಚುಕ್ಕಿ ಹೊಳೆಯಿಸುತ್ತಾ ಹೋಗುತ್ತದೆ. ಪೆನ್ನಿನ ತುದಿಯ ಕೆಳಗೆ ಚುಕ್ಕಿ ಹೊಳೆದ ಕ್ಷಣ ಪೆನ್ನು "ಕಂಡೆ" ಅಂತ ಸುದ್ದಿ ಮುಟ್ಟಿಸುತ್ತದೆ. ಆ ಕ್ಷಣದಲ್ಲಿ ತಾನು ಯಾವ ಚುಕ್ಕಿ ಹಾಕುತ್ತಿದ್ದೆ ಅಂತ ಕಂಪ್ಯೂಟರಿಗೆ ಗೊತ್ತೇ ಇದೆ. ಹಾಗಾಗಿ ಪೆನ್ನು ಎಲ್ಲಿದೆ ಅಂತಲೂ ಗೊತ್ತಾಯಿತು. ಆದರೆ ಖಾಲಿ ಪರದೆಯಲ್ಲಿ ಪೆನ್ನು ಕುರುಡು, ನೋಡಲು ಏನೂ ಇಲ್ಲವಲ್ಲ. ಅದಕ್ಕೆ ಪರದೆಯ ಮೇಲೆ 'ಇಂಕ್' ಅಂತ ಒಂದು ಪದ ಹೊಳೆಯುತ್ತಿತ್ತು. ಮಸಿ ಕುಡಿಕೆಗೆ ಲೇಖನಿ ಅದ್ದಿದ ಹಾಗೆ ಪೆನ್ನನ್ನು ಆ ಪದಕ್ಕೆ ಮುಟ್ಟಿಸಬೇಕು. ಅಲ್ಲಿಂದ ಒಂದು ಪುಟ್ಟ ಪ್ಲಸ್ ಗುರುತು ಪೆನ್ನಿನ ಬೆನ್ನು ಹತ್ತಿ ಬರುತ್ತದೆ. ಗೆರೆ ಮುಗಿಸಬೇಕಾದರೆ ಪೆನ್ನನ್ನು ಪಟ್ಟನೆ ಕೊಡವಬೇಕು. ಪ್ಲಸ್ ಗುರುತಿಗೆ ಪೆನ್ನು ತಪ್ಪಿಹೋಗುತ್ತದೆ, ಗೆರೆ ಅಲ್ಲಿಗೆ ನಿಲ್ಲುತ್ತದೆ. ಇನ್ನೊಂದು ಕೈ ಗುಂಡಿಗಳ ಮೇಲೆ. ಗೆರೆ ಬೇಕಾ, ವೃತ್ತ ಬೇಕಾ, ಅಳಿಸಬೇಕಾ, ಎಲ್ಲಕ್ಕೂ ಗುಂಡಿ.

ಇಷ್ಟೇ ಆಗಿದ್ದರೆ ಅದು ಒಂದು ದುಬಾರಿ ಆಟಿಕೆ. ಮುಂದಿನದ್ದು ಕೇಳಿ. ಪ್ರಬಂಧದಲ್ಲಿ ಸದರ್‌ಲೆಂಡ್ ಕೊಡುವ ಮೊದಲ ಉದಾಹರಣೆ ಒಂದು ಷಟ್ಕೋನ. ಬೋರ್ಡಿನ ಮೇಲೆ ನಾವು ಹೇಗೆ ಮಾಡುತ್ತೇವೆ? ವೃತ್ತ ಹಾಕಿ, ಅದೇ ತ್ರಿಜ್ಯದಲ್ಲಿ ಕೈವಾರ ಇಟ್ಟು ಆರು ಕಡೆ ಕಡಿದು, ಸೇರಿಸುತ್ತೇವೆ. ಅವರು ಹಾಗೆ ಮಾಡಲಿಲ್ಲ. ಸೊಟ್ಟಪಟ್ಟ ಆರು ಗೆರೆ ಎಳೆದರು, ಮಗು ಎಳೆದ ಹಾಗೆ. ಒಂದು ವೃತ್ತ ಹಾಕಿದರು. ಮೂಲೆಗಳನ್ನು ಒಂದೊಂದಾಗಿ ಮುಟ್ಟಿ "ನೀನು ಈ ವೃತ್ತದ ಮೇಲಿರು" ಅಂದರು. ಆಮೇಲೆ "ಆರೂ ಬದಿ ಸಮ ಇರಲಿ" ಅಂದರು. ಆಕಾರ ತಾನೇ ಒದ್ದಾಡಿ, ಸರಿದು, ನೆಟ್ಟಗೆ ಕೂತಿತು. ಕೆಲಸ ಮುಗಿದ ಮೇಲೆ ವೃತ್ತ ಅಳಿಸಿದರು. ಇದೇ ಇವತ್ತು ನೀವು ಕನ್‌ಸ್ಟ್ರೇಂಟ್ ಅನ್ನುವುದು. ಹೇಗೆ ಎಳೆಯಬೇಕು ಅಂತ ಹೇಳಲಿಲ್ಲ, ಹೇಗಿರಬೇಕು ಅಂತ ಹೇಳಿದರು.

ಆ ಒಂದು ಷಟ್ಕೋನವನ್ನು ಮೂಲ ಮಾಡಿಕೊಂಡು ಅದರ ಪ್ರತಿಗಳನ್ನು ಜೇನುಹುಟ್ಟಿನ ಹಾಗೆ ಜೋಡಿಸಿದರು. ಸುಮಾರು 900 ಷಟ್ಕೋನ. ಹೇಗೆ ಮಾಡುವುದು ಅಂತ ಯೋಚಿಸಿದ ಸಮಯವೂ ಸೇರಿ ಅರ್ಧ ಗಂಟೆಯೊಳಗೆ ಮುಗಿಯಿತು, ಪ್ಲಾಟರ್ ಅದನ್ನು ಕಾಗದದ ಮೇಲೆ ಎಳೆಯಲು 25 ನಿಮಿಷ ತೆಗೆದುಕೊಂಡಿತು ಅಂತ ಬರೆದಿದ್ದಾರೆ. ಡ್ರಾಫ್ಟಿಂಗ್ ವಿಭಾಗದವರನ್ನು ಕೇಳಿದರೆ ಎರಡು ದಿನ ಬೇಕು ಅಂದರಂತೆ. ಮಜಾ ಇರುವುದು ಮುಂದೆ. ಮೂಲದ ಷಟ್ಕೋನ ಬದಲಿಸಿದರೆ ಅಷ್ಟೂ ಪ್ರತಿಗಳು ಬದಲಾಗುತ್ತವೆ. ಆಟೋಕ್ಯಾಡ್‌ನಲ್ಲಿ ಬ್ಲಾಕ್ ಅಂತ ಬಳಸುತ್ತೀರಲ್ಲ, ಅದರ ಅಜ್ಜ ಇದು. ಇನ್ನೊಂದು ಉದಾಹರಣೆ ಸೇತುವೆ. ಟ್ರಸ್ (ಕಂಬಿಗಳ ಚೌಕಟ್ಟು) ಎಳೆದು ಭಾರ ನೇತುಹಾಕಿದರೆ ಯಾವ ಕಂಬಿಯಲ್ಲಿ ಎಷ್ಟು ಬಲ ಅಂತ ಪರದೆಯ ಮೇಲೇ ಅಂಕಿ ಬರುತ್ತಿತ್ತು. ಕಂಬಿ ಸರಿಸಿದರೆ ಅಂಕಿಯೂ ಬದಲು.

"ತಾನು ಏನು ಅಂತ ತನಗೇ ಗೊತ್ತಿರುವ ಚಿತ್ರ" ಅಂತ ಮೊದಲು ಹೇಳಿದೆನಲ್ಲ, ಅದು ಇದೇ. ಸದರ್‌ಲೆಂಡ್ ಪ್ರಬಂಧದ ಕೊನೆಯ ಭಾಗದಲ್ಲಿ ಒಂದು ಮಾತನ್ನು ಯಾವ ಮುಲಾಜೂ ಇಲ್ಲದೆ ಹೇಳುತ್ತಾರೆ. ಚಿತ್ರದಿಂದ ಬರೀ ಚಿತ್ರ ಸಿಗುವುದಾದರೆ ಅದನ್ನು ಕಂಪ್ಯೂಟರಿನಲ್ಲಿ ಮಾಡಿ ಲಾಭ ಇಲ್ಲ, ಚಿತ್ರಕ್ಕಿಂತ ಹೆಚ್ಚಿನದೇನಾದರೂ ಸಿಗಬೇಕು ಎನ್ನುವ ಅರ್ಥದ ಮಾತು. ನಿಮ್ಮ ಎರಡನೇ ಪ್ರಶ್ನೆಯನ್ನು 1963ರಲ್ಲೇ ಕೇಳಿ, ಉತ್ತರವನ್ನೂ ಕೊಟ್ಟಾಗಿತ್ತು. ಆ ವರ್ಷ ಮೇ ತಿಂಗಳಲ್ಲಿ ಡೆಟ್ರಾಯಿಟ್‌ನ ಸಮ್ಮೇಳನದಲ್ಲಿ ಇದೆಲ್ಲ ಲೋಕಕ್ಕೆ ಗೊತ್ತಾಯಿತು. ಟಿಮೊಥಿ ಜಾನ್ಸನ್ ಅದೇ ಹೊತ್ತಿಗೆ ಇದರ ಮೂರು ಆಯಾಮದ ರೂಪವನ್ನೂ ತೋರಿಸಿದರು.

ಹಾಗಾದರೆ ಸ್ಕೆಚ್‌ಪ್ಯಾಡನ್ನು ಯಾರು ಕೊಂಡರು? ಯಾರೂ ಇಲ್ಲ. ಟಿಎಕ್ಸ್-2 ಇದ್ದದ್ದೇ ಒಂದು. ಸ್ಕೆಚ್‌ಪ್ಯಾಡ್ ಬೇರೆ ಕಡೆ ಓಡುವ ಹಾಗೂ ಇರಲಿಲ್ಲ. ಆದರೆ ಅದನ್ನು ನೋಡಿದವರು, ಅದರ ಬಗ್ಗೆ ಓದಿದವರು ಸುಮ್ಮನೆ ಕೂರಲಿಲ್ಲ.

ನಿಜವಾಗಿ ಹಣ ಕೊಟ್ಟು ಕ್ಯಾಡ್ ಕಟ್ಟಿಸಿದ್ದು ಕಾರು ಮತ್ತು ವಿಮಾನದ ಕಂಪನಿಗಳು. ಜನರಲ್ ಮೋಟಾರ್ಸ್ ಐಬಿಎಂ ಜೊತೆ ಸೇರಿ ಡ್ಯಾಕ್-1 ಎಂಬ ವ್ಯವಸ್ಥೆ ಮಾಡಿ 1964ರಲ್ಲಿ ಬಹಿರಂಗ ಮಾಡಿತು. ಐಟೆಕ್ ಎಂಬ ಲೆನ್ಸ್ ಕಂಪನಿ ಪಿಡಿಪಿ-1 ಕಂಪ್ಯೂಟರ್ ಇಟ್ಟುಕೊಂಡು ಎಲೆಕ್ಟ್ರಾನಿಕ್ ಡ್ರಾಫ್ಟಿಂಗ್ ಮಷೀನ್ ಮಾಡಿತು. ಅದು ಆಮೇಲೆ ಕಂಟ್ರೋಲ್ ಡೇಟಾ ಕಂಪನಿಯ ಕೈಗೆ ಹೋಗಿ ಡಿಜಿಗ್ರಾಫಿಕ್ಸ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಬೆಲೆ ಸುಮಾರು 5 ಲಕ್ಷ ಡಾಲರ್. ಕೊಂಡವರು ಬೆರಳೆಣಿಕೆ. ಒಂದು ಕಾರಿನ ಹೊರಮೈಗೆ (ಬಾಡಿ) ಬೇಕಾದ ಪ್ರೆಸ್ ಡೈಗಳ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚುಗಳ ಖರ್ಚು ಗೊತ್ತಿರುವವರಿಗೆ ಈ ಬೆಲೆ ಅಷ್ಟೇನೂ ಆಶ್ಚರ್ಯ ತರುವುದಿಲ್ಲ. ಡೈ ತಪ್ಪಾದರೆ ತಿಂಗಳುಗಟ್ಟಲೆ ಕಾರ್ಖಾನೆ ಕಾಯುತ್ತದೆ.

ಕಾರಿನ ಬಾಡಿ ಅಂದೆ. ಅಲ್ಲಿ ಬೇರೆಯೇ ಒಂದು ಕಥೆ ಇದೆ, ಅದು ಫ್ರಾನ್ಸಿನದು. ನನಗೆ ಬಹಳ ಇಷ್ಟವಾದದ್ದೂ ಇದೇ.

ರೆನೊ ಕಂಪನಿಯಲ್ಲಿ ಪಿಯರ್ ಬೆಜಿಯೆ ಎಂಬ ಎಂಜಿನಿಯರ್ ಇದ್ದರು. ಕೆಲಸಕ್ಕೆ ಸೇರಿದ್ದು 1933ರಲ್ಲಿ, ಮಷೀನ್ ಟೂಲ್ ಅವರ ಕಸುಬು. ಆಗ ಕಾರಿನ ಆಕಾರ ಹುಟ್ಟುತ್ತಿದ್ದದ್ದು ಹೀಗೆ. ಸ್ಟೈಲಿಸ್ಟ್ ಚಿತ್ರ ಬಿಡಿಸುತ್ತಾರೆ. ಅದರಿಂದ ಮಣ್ಣಿನ ಮಾದರಿ. ಅದನ್ನು ಅಳೆದು ಪೂರ್ತಿ ಗಾತ್ರದ ಡ್ರಾಯಿಂಗ್. ಅದರಿಂದ ಟೆಂಪ್ಲೇಟ್, ಅದರಿಂದ ಮರದ ಮಾಸ್ಟರ್ ಮಾದರಿ, ಅದರಿಂದ ಡೈ. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಗುಟ್ಟು ಹೇಳುವ ಆಟ ಆಡಿದ್ದೀರಾ? ಕೊನೆಯವರ ಬಾಯಲ್ಲಿ ಮಾತು ಬೇರೆಯೇ ಆಗಿರುತ್ತದೆ. ಇಲ್ಲೂ ಹಾಗೆ. ಎರಡು ಭಾಗ ಒಂದಕ್ಕೊಂದು ಕೂರದಿದ್ದರೆ ಯಾವುದು ಸರಿ? ಡ್ರಾಯಿಂಗಾ, ಮಾದರಿಯಾ, ಟೆಂಪ್ಲೇಟಾ? ಬೆಜಿಯೆ ಅವರಿಗೆ ಬೇಕಿದ್ದದ್ದು ಜಗಳಕ್ಕೆ ಆಸ್ಪದ ಇಲ್ಲದ ಒಂದೇ ಒಂದು ಮೂಲ. ಅದು ಅಂಕಿಗಳಲ್ಲಿ ಇರಬೇಕು, ಜೊತೆಗೆ ಗಣಿತ ಗೊತ್ತಿಲ್ಲದ ಸ್ಟೈಲಿಸ್ಟ್ ಕೈಗೂ ಸಿಗಬೇಕು.

ಅವರು ಹಿಡಿದ ದಾರಿಯನ್ನು ನೀವೇ ಈಗ ಒಂದು ಹಾಳೆ ತೆಗೆದುಕೊಂಡು ಮಾಡಿ ನೋಡಿ. ಮೂರು ಬಿಂದು ಹಾಕಿ: ಎಡಗಡೆ ಒಂದು, ಮೇಲೆ ಮಧ್ಯದಲ್ಲಿ ಒಂದು, ಬಲಗಡೆ ಒಂದು. ಎಡದಿಂದ ಮೇಲಕ್ಕೆ, ಮೇಲಿನಿಂದ ಬಲಕ್ಕೆ ಗೆರೆ ಎಳೆಯಿರಿ, ಮನೆಯ ಮಾಡಿನ ಹಾಗೆ. ಎರಡೂ ಗೆರೆಗಳ ನಟ್ಟನಡುವೆ ಗುರುತು ಹಾಕಿ. ಆ ಎರಡು ಗುರುತು ಸೇರಿಸಿ. ಆ ಹೊಸ ಗೆರೆಯ ನಡುಬಿಂದು ಇದೆಯಲ್ಲ, ಅದು ನಿಮ್ಮ ಬಾಗಿನ ಮೇಲಿದೆ. ನಡುವಿಗೆ ಬದಲು ಕಾಲು ಭಾಗ ತೆಗೆದುಕೊಂಡರೆ ಬಾಗಿನ ಇನ್ನೊಂದು ಬಿಂದು. ಮುಕ್ಕಾಲು ತೆಗೆದುಕೊಂಡರೆ ಮತ್ತೊಂದು. ಎಲ್ಲ ಸೇರಿಸಿದರೆ ನುಣುಪಾದ ಬಾಗು. ಮೇಲಿನ ಬಿಂದುವನ್ನು ಎಳೆದರೆ ಬಾಗು ಅದರ ಹಿಂದೆ ಹೋಗುತ್ತದೆ, ಹಗ್ಗ ಕಟ್ಟಿದ ಎಮ್ಮೆಯ ಹಾಗೆ. ಆದರೆ ಪೂರ್ತಿ ಹತ್ತಿರ ಹೋಗುವುದಿಲ್ಲ.

ಇದೇ ಬೆಜಿಯೆ ಕರ್ವ್. ಆದರೆ ನೀವು ಈಗ ಮಾಡಿದ ನಡುಬಿಂದುವಿನ ಆಟ ಬೆಜಿಯೆ ಅವರದಲ್ಲ! ಪ್ರತಿಸ್ಪರ್ಧಿ ಸಿಟ್ರೊಯೆನ್ ಕಂಪನಿಯ ಪಾಲ್ ದ ಕಸ್ಟೆಲ್‌ಜೊ ಎಂಬ ಗಣಿತಜ್ಞರು ಅದನ್ನು 1959ರಲ್ಲೇ ಕಂಡುಕೊಂಡಿದ್ದರು. ಸಿಟ್ರೊಯೆನ್ ಅದನ್ನು ಗುಟ್ಟಾಗಿ ಇಟ್ಟಿತು. ರೆನೊ ಬೆಜಿಯೆ ಅವರಿಗೆ ಬರೆದು ಪ್ರಕಟಿಸಲು ಬಿಟ್ಟಿತು. ಪ್ರಕಟಿಸಿದವರ ಹೆಸರು ನಿಂತಿತು. ಬೆಜಿಯೆ ಅವರ ವ್ಯವಸ್ಥೆಯ ಹೆಸರು ಯುನಿಸರ್ಫ್. 1960ರ ದಶಕದ ಕೊನೆಯ ಹೊತ್ತಿಗೆ ರೆನೊದಲ್ಲಿ ಅದರಿಂದ ಕೆಲಸ ನಡೆಯುತ್ತಿತ್ತು. ಅಂದ ಹಾಗೆ, ಪರದೆಯ ಮೇಲೆ ನೀವು ಓದುತ್ತಿರುವ ಕನ್ನಡ ಅಕ್ಷರದ ದುಂಡಗಿನ ಹೊಟ್ಟೆಗಳೆಲ್ಲ ಇಂಥ ಬಾಗುಗಳೇ. ಕಾರಿನ ಬಾನೆಟ್ಟಿಗೆ ಹುಟ್ಟಿದ ಗಣಿತ ನಮ್ಮ 'ಠ' ಬರೆಯುತ್ತಿದೆ.

ಈಗ ಹ್ಯಾನ್‌ರಾಟಿ. ಪ್ಯಾಟ್ರಿಕ್ ಹ್ಯಾನ್‌ರಾಟಿ 1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಪ್ರಾಂಟೊ ಎಂಬ ಪ್ರೋಗ್ರಾಮ್ ಬರೆದರು. ಅದೂ ಕಡಿಯುವ ಮಷೀನಿಗೆ ಟೇಪ್ ತಯಾರಿಸುವ ಕೆಲಸದ್ದೇ. ಆಮೇಲೆ ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗ ಸೇರಿದರು. 1970ರ ಹೊತ್ತಿಗೆ ಸ್ವಂತ ಕಂಪನಿ ತೆರೆದರು, ಅದು ಮುಳುಗಿತು. ಕೆಲವರಿಗೇ ಗೊತ್ತಿದ್ದ ಭಾಷೆಯಲ್ಲಿ, ಹೆಚ್ಚು ಜನ ಬಳಸದ ಕಂಪ್ಯೂಟರಿಗೆ ಬರೆದಿದ್ದರು. ಆ ಪೆಟ್ಟಿನಿಂದ ಕಲಿತದ್ದು ದೊಡ್ಡದು. 1971ರಲ್ಲಿ ಎಂಸಿಎಸ್ ಎಂಬ ಎರಡನೇ ಕಂಪನಿ ಮಾಡಿ, ಆ್ಯಡಮ್ ಎಂಬ ಪ್ರೋಗ್ರಾಮನ್ನು ಎಲ್ಲ ಕಡೆ ಓಡುವ ಫೋರ್ಟ್ರಾನ್ ಭಾಷೆಯಲ್ಲಿ ಬರೆದರು. ಅದನ್ನು ತಾವೇ ಅಂಗಡಿ ಇಟ್ಟು ಮಾರುವ ಬದಲು ಬೇರೆ ಕಂಪನಿಗಳಿಗೆ ಕೊಟ್ಟರು. ಆ ಕಂಪನಿಗಳು ತಂತಮ್ಮ ಹೆಸರು ಹಚ್ಚಿ ಮಾರಿಕೊಂಡವು. ಹೀಗೆ ಎಪ್ಪತ್ತರ ದಶಕದ ಎಷ್ಟೋ ಕ್ಯಾಡ್‌ಗಳ ಹೊಟ್ಟೆಯೊಳಗೆ ಹ್ಯಾನ್‌ರಾಟಿ ಅವರದೇ ಕೋಡ್ ಇತ್ತು. ಪಿತಾಮಹ ಅಂತ ಕರೆಯುವುದು ಈ ಕಾರಣಕ್ಕೆ. ನನ್ನನ್ನು ಕೇಳಿದರೆ, ಬೀಜ ಬಿತ್ತಿದವರು ಅವರಲ್ಲ. ಸಸಿಯನ್ನು ಊರೂರಿಗೆ ಹಂಚಿದವರು.

ನದಿಮೂಲ, ಋಷಿಮೂಲ ಹುಡುಕಬಾರದು ಅನ್ನುತ್ತಾರೆ. ಆದರೂ ಪರೀಕ್ಷೆಯಲ್ಲಿ ಬರೆಯಬೇಕಲ್ಲ. ಹೀಗೆ ಬರೆಯಿರಿ: ಹೆಸರು ಮತ್ತು ಯೋಜನೆ ರಾಸ್, ಕೂನ್ಸ್ ಅವರದು, 1959. ಪರದೆಯ ಮೇಲೆ ಕೂತು ವಿನ್ಯಾಸ ಮಾಡುವುದನ್ನು ತೋರಿಸಿದ್ದು ಸದರ್‌ಲೆಂಡ್, 1963. ಮಾರುಕಟ್ಟೆಗೆ ಹಬ್ಬಿಸಿದವರಲ್ಲಿ ಮುಖ್ಯರು ಹ್ಯಾನ್‌ರಾಟಿ, 1970ರ ದಶಕ.

ಎಪ್ಪತ್ತರ ದಶಕವನ್ನು ಬೇಗ ದಾಟುತ್ತೇನೆ. ಕೋಣೆ ತುಂಬದ, ಬೀರುವಿನಷ್ಟು ಗಾತ್ರದ ಮಿನಿ ಕಂಪ್ಯೂಟರ್ ಬಂದವು. 1969ರಲ್ಲೇ ಕಂಪ್ಯೂಟರ್‌ವಿಷನ್, ಆಪ್ಲಿಕಾನ್, ಮುಂದೆ ಇಂಟರ್‌ಗ್ರಾಫ್ ಆದ ಕಂಪನಿ ಎಲ್ಲ ಹುಟ್ಟಿದವು. ಕಂಪ್ಯೂಟರ್, ಪರದೆ, ಪ್ಲಾಟರ್, ಸಾಫ್ಟ್‌ವೇರ್ ಎಲ್ಲ ಒಟ್ಟಿಗೆ ಕೊಟ್ಟು ಹೋಗುವ ವ್ಯಾಪಾರ. ಆ ಕಾಲದ ಒಂದು ವಸ್ತು ಮಾತ್ರ ಹೇಳಲೇಬೇಕು, ಟೆಕ್‌ಟ್ರಾನಿಕ್ಸ್ ಕಂಪನಿಯ ಸ್ಟೋರೇಜ್ ಟ್ಯೂಬ್ ಪರದೆ. ಸಾಮಾನ್ಯ ಪರದೆಯ ಚಿತ್ರವನ್ನು ಕಂಪ್ಯೂಟರ್ ಮತ್ತೆ ಮತ್ತೆ ಎಳೆಯುತ್ತಲೇ ಇರಬೇಕು. ಇದರಲ್ಲಿ ಒಮ್ಮೆ ಎಳೆದರೆ ಸಾಕು, ಹಸಿರು ಗೆರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅಗ್ಗ. ತೊಂದರೆ ಏನು ಗೊತ್ತಾ? ಒಂದೇ ಒಂದು ಗೆರೆ ಅಳಿಸಬೇಕಾದರೂ ಪರದೆ ಪೂರ್ತಿ ಅಳಿಸಬೇಕು. ಇಡೀ ಪರದೆ ಫಕ್ಕನೆ ಹಸಿರಾಗಿ ಮಿಂಚಿ, ಮತ್ತೆ ಮೊದಲಿನಿಂದ ಚಿತ್ರ ಬರುವ ತನಕ ಕಾಯಬೇಕು. ಹೀಗಿರುವಾಗ ಷಟ್ಕೋನ ಒದ್ದಾಡಿ ನೆಟ್ಟಗೆ ಕೂರುವುದನ್ನು ನೋಡುವುದೆಲ್ಲಿಂದ ಬಂತು? ಸ್ಕೆಚ್‌ಪ್ಯಾಡ್‌ನ ಜೀವಂತಿಕೆ ಹೋಯಿತು. ಅಗ್ಗವಾಗಿದ್ದಕ್ಕೆ ತೆತ್ತ ಬೆಲೆ ಅದು.

ಚಿಪ್ ವಿನ್ಯಾಸದ ಕ್ಯಾಡ್ ಇದರ ಪಕ್ಕದಲ್ಲೇ ಬೆಳೆಯಿತು. ಮೊದಮೊದಲು ಚಿಪ್ಪಿನ ನಕ್ಷೆಯನ್ನು ಕೆಂಪು ಫಿಲ್ಮಿನ ಹಾಳೆಯಲ್ಲಿ ಬ್ಲೇಡಿನಿಂದ ಕೊಯ್ದು ಮಾಡುತ್ತಿದ್ದರು. ಅದನ್ನು ಕಂಪ್ಯೂಟರಿಗೆ ತಂದವರಲ್ಲಿ ಕ್ಯಾಲ್ಮಾ ಕಂಪನಿ ಪ್ರಮುಖ. ನಮ್ಮ ಬೆಂಗಳೂರಿಗೆ 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗ ಇಲ್ಲಿನವರಿಗೆ ಮೊದಲು ಕೊಟ್ಟ ಕೆಲಸವೂ ಈ ಜಾತಿಯದೇ, ಚಿಪ್ ವಿನ್ಯಾಸದ ಕ್ಯಾಡ್ ಸಾಫ್ಟ್‌ವೇರ್ ಬರೆಯುವುದು.

ಇನ್ನು ನಿಮ್ಮ ಸರ್ ಹೇಳಿದ 1982. ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಾಕರ್ ಮತ್ತು ಗೆಳೆಯರು ಸೇರಿ ಸುಮಾರು 59 ಸಾವಿರ ಡಾಲರ್ ಕೂಡಿಸಿ ಕಂಪನಿ ತೆರೆದರು. ಕ್ಯಾಡ್ ಅವರ ಮೊದಲ ಆಸೆ ಆಗಿರಲಿಲ್ಲ. ಆಟೋಡೆಸ್ಕ್ ಅಂದರೆ ಅವರು ಮಾರಬೇಕೆಂದಿದ್ದ ಒಂದು ಆಫೀಸ್ ಸಾಫ್ಟ್‌ವೇರಿನ ಹೆಸರು. ಕ್ಯಾಡ್ ಇದ್ದದ್ದು ಪಟ್ಟಿಯಲ್ಲಿನ ಹಲವುಗಳಲ್ಲಿ ಒಂದಾಗಿ. ಮೈಕ್ ರಿಡ್ಲ್ ಎಂಬುವರು ಮೊದಲೇ ಬರೆದಿದ್ದ ಇಂಟರ‍್ಯಾಕ್ಟ್ ಅದಕ್ಕೆ ಬುನಾದಿ. ನವೆಂಬರಿನಲ್ಲಿ ಲಾಸ್ ವೇಗಾಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ತೋರಿಸಿದರೆ ಜನ ಮುಗಿಬಿದ್ದರು. ಬೆಲೆ 1,000 ಡಾಲರ್. ಲಕ್ಷಗಟ್ಟಲೆ ಡಾಲರಿನ ಲೋಕದಲ್ಲಿ ಸಾವಿರ! ಅದಕ್ಕೆ ಮೇಜಿನ ಮೇಲೆ ಕೂರುವ ಪಿಸಿ ಸಾಕು. ನಿಮ್ಮ ಸರ್ ತಪ್ಪು ಹೇಳಿಲ್ಲ ಅಂತ ನಾನು ವಾದಿಸಬಲ್ಲೆ. ದಾವಣಗೆರೆಗೂ ಪೀಣ್ಯಕ್ಕೂ ಕ್ಯಾಡ್ ಬಂದದ್ದು ಇದರ ಹೆಗಲೇರಿಯೇ.

ನನಗೂ ಹಾಗೇ ಬಂತು. ನಾನು ಕೆಲಸ ಕಲಿತದ್ದು ಬೋರ್ಡಿನ ಮೇಲೆ. ಟ್ರೇಸಿಂಗ್ ಹಾಳೆಯಲ್ಲಿ ಇಂಕ್ ಗೆರೆ ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಹೆರೆಯಬೇಕು, ಉಸಿರು ಬಿಗಿಹಿಡಿದು. ಪ್ರಿಂಟ್ ತೆಗೆದ ದಿನ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ಹಾಗಾಗಿ ಆಟೋಕ್ಯಾಡ್ ಮೊದಲು ಸಿಕ್ಕಾಗ ಸ್ವರ್ಗ ಸಿಕ್ಕ ಹಾಗಾಗಿತ್ತು. ದೊಡ್ಡ ಡ್ರಾಯಿಂಗ್ ರೀಜೆನ್ ಆಗುವಷ್ಟರಲ್ಲಿ, ಅಂದರೆ ಪರದೆಯ ಮೇಲೆ ಮತ್ತೆ ಮೂಡುವಷ್ಟರಲ್ಲಿ, ಕೆಳಗೆ ಹೋಗಿ ಬೈ-ಟು ಕಾಫಿ ಕುಡಿದು ಬರಬಹುದಿತ್ತು, ಆದರೂ ಸ್ವರ್ಗವೇ.

ಒಂದು ಸಂಜೆ ಒಂದು ಫಿಕ್ಸ್ಚರ್ ಪ್ಲೇಟಿನ ಡ್ರಾಯಿಂಗ್ ತಿದ್ದಬೇಕಿತ್ತು. ಎರಡು ತೂತುಗಳ ನಡುವೆ 80 ಮಿಲಿಮೀಟರ್ ಇದ್ದದ್ದು 82 ಆಗಬೇಕು. ಬಸ್ಸಿನ ಹೊತ್ತಾಗಿತ್ತು. ತೂತು ಸರಿಸುವ ಬದಲು ಡೈಮೆನ್ಷನ್ನಿನ ಅಂಕಿಯನ್ನು ಮಾತ್ರ ಅಳಿಸಿ 82 ಅಂತ ಟೈಪ್ ಮಾಡಿದೆ. ಬೋರ್ಡಿನ ಮೇಲೆ ಎಲ್ಲರೂ ಹಾಗೆ ಮಾಡುತ್ತಿದ್ದೆವು, ಅಂಕಿ ನೋಡಿ ಕೆಲಸ ಮಾಡಿ ಅಂತ. ಆದರೆ ಮಷೀನಿನವನು ಅಂಕಿ ನೋಡಲಿಲ್ಲ, ಫೈಲಿನಿಂದ ನೇರವಾಗಿ ತೂತಿನ ಜಾಗ ತೆಗೆದುಕೊಂಡ. ಹನ್ನೆರಡು ಪ್ಲೇಟು, ಎಲ್ಲದರಲ್ಲೂ ಕರಾರುವಾಕ್ಕಾಗಿ 80. ಬೈಗುಳ ತಿಂದೆ, ಅದಿರಲಿ. ಕಂಪ್ಯೂಟರಿನಲ್ಲಿ ಆ ಅಂಕಿಗೂ ಆ ತೂತುಗಳಿಗೂ ಇದ್ದ ಸಂಬಂಧವನ್ನು ನಾನೇ ಇಲ್ಲದ ಹಾಗೆ ಮಾಡಿಬಿಟ್ಟಿದ್ದೆ. ಸ್ಕೆಚ್‌ಪ್ಯಾಡ್‌ನಲ್ಲಿ ದೂರ ಇಷ್ಟಿರಲಿ ಅಂತ ಹೇಳಿದ್ದರೆ ತೂತೇ ಸರಿಯುತ್ತಿತ್ತು. ನಮ್ಮ ಕೈಯಲ್ಲಿದ್ದದ್ದು ಬಹಳ ಒಳ್ಳೆಯ ಬೋರ್ಡು, ಅಷ್ಟೆ.

ಆ ಹಳೆಯ ಹೊಳಹು ಮಾರುಕಟ್ಟೆಗೆ ಮರಳಲು ಇಪ್ಪತ್ತೈದು ವರ್ಷ ಹಿಡಿಯಿತು. ಲೆನಿನ್‌ಗ್ರಾಡ್‌ನಿಂದ ಅಮೆರಿಕಕ್ಕೆ ವಲಸೆ ಬಂದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ 1985ರಲ್ಲಿ ಕಟ್ಟಿದ ಕಂಪನಿ ಎಂಬತ್ತರ ದಶಕದ ಕೊನೆಯಲ್ಲಿ ಪ್ರೊ-ಎಂಜಿನಿಯರ್ ತಂದಿತು. ಅಳತೆ ಬದಲಿಸಿದರೆ ಘನಾಕಾರವೇ ಬದಲಾಗುವುದು ಅದರ ಜೀವ. 1995ರ ಸಾಲಿಡ್‌ವರ್ಕ್ಸ್ ಅದನ್ನು ಪಿಸಿಗೆ, ವಿಂಡೋಸ್‌ಗೆ ಇಳಿಸಿತು. ಆಟೋಕ್ಯಾಡ್‌ಗೆ ಈ ಕನ್‌ಸ್ಟ್ರೇಂಟ್‌ಗಳು ಬಂದದ್ದು ಯಾವಾಗ ಗೊತ್ತಾ? 2010ರ ಆವೃತ್ತಿಯಲ್ಲಿ. ಸದರ್‌ಲೆಂಡ್ ಪ್ರಬಂಧ ಒಪ್ಪಿಸಿ 46 ವರ್ಷ ಕಳೆದ ಮೇಲೆ.

ನಿಮ್ಮ ಲ್ಯಾಬಿನಲ್ಲಿ 2010 ಅಥವಾ ಆಮೇಲಿನ ಪೂರ್ಣ ಆವೃತ್ತಿ ಇದ್ದರೆ ಪ್ಯಾರಾಮೆಟ್ರಿಕ್ ಅಂತ ಒಂದು ಟ್ಯಾಬ್ ಇರುತ್ತದೆ, ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ಪಾಲಿಗನ್ ಕಮಾಂಡ್ ಬಳಸಬೇಡಿ. ಬೇಕಂತಲೇ ಸೊಟ್ಟಗೆ ಆರು ಗೆರೆ ಎಳೆಯಿರಿ, ತುದಿಗಳನ್ನು ಒಂದಕ್ಕೊಂದು ಕೂಡಿಸಿ, ಪಕ್ಕದಲ್ಲಿ ಒಂದು ವೃತ್ತ ಹಾಕಿ. ಮೂಲೆಗಳನ್ನು ಕೋಯಿನ್ಸಿಡೆಂಟ್ ಕೊಟ್ಟು ವೃತ್ತಕ್ಕೆ ಅಂಟಿಸಿ. ಬದಿಗಳಿಗೆ ಈಕ್ವಲ್ ಕೊಡಿ. ಕೊನೆಯ ಬದಿಗೆ ಕೊಟ್ಟಾಗ ಏನಾಗುತ್ತದೆ ನೋಡಿ, ನಿಮ್ಮ ಸರ್ ಅವರನ್ನೂ ಕರೆದು ತೋರಿಸಿ.